ಹೊಸಹುಟ್ಟು ಮತ್ತು ಪುನರ್ಜನ್ಮ: ಒಂದು ಪಾರಿಭಾಷಿಕ ಗೊಂದಲ

ಕ್ರೈಸ್ತ ಧರ್ಮದ ಪರಿಭಾಷೆಯನ್ನು ಕುರಿತು ಕನ್ನಡದಲ್ಲಿ ಬರೆಯುವವರು 'ಪುನರ್ಜನ್ಮ' ಎಂಬ ಪದವನ್ನು ಯಾವ ಅಳುಕೂ ಇಲ್ಲದೆ ಬಳಸುವುದುಂಟು. ಕರ್ಮಸಿದ್ಧಾಂತದ ಪುನರ್ಜನ್ಮಕ್ಕೂ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಬರುವ ಜನ್ಮದ ಕಲ್ಪನೆಗೂ ಒಂದೇ ಹೆಸರು ದೊರೆತಾಗ, ಎರಡೂ ಒಂದೇ ತತ್ತ್ವದ ಎರಡು ರೂಪಗಳೆಂಬ ತೀರ್ಮಾನಕ್ಕೆ ಬರುವುದು ಸುಲಭ. ತೌಲನಿಕ ಅಧ್ಯಯನದ ಹೆಸರಿನಲ್ಲಿ ಇಂತಹ ಸಮೀಕರಣಗಳು ನಡೆದಾಗ ಎರಡೂ ಪರಂಪರೆಗಳಿಗೆ ಅನ್ಯಾಯವಾಗುತ್ತದೆ. ಒಂದರಲ್ಲಿ ಜನ್ಮವು ಮರಣದ ಅನಂತರದ್ದು, ಮತ್ತೆ ಮತ್ತೆ ಬರುವಂಥದ್ದು, ಬಿಡುಗಡೆ ಹೊಂದಬೇಕಾದ ಬಂಧನ. ಇನ್ನೊಂದರಲ್ಲಿ ಅದು ಮರಣಕ್ಕೆ ಮೊದಲೇ, ಒಮ್ಮೆ ಮಾತ್ರ, ಬಿಡುಗಡೆಯಾಗಿಯೇ ಬರುವಂಥದ್ದು. ಒಂದರಲ್ಲಿ ಕರ್ಮವು ಜನ್ಮವನ್ನು ನಿರ್ಧರಿಸುತ್ತದೆ. ಇನ್ನೊಂದರಲ್ಲಿ ಕರ್ಮದ ಲೆಕ್ಕವನ್ನು ಬದಿಗೊತ್ತಿ ಕೃಪೆಯು ಜನ್ಮವನ್ನು ಕೊಡುತ್ತದೆ. ಇವು ಪೂರಕವಲ್ಲ, ಬಹುಮಟ್ಟಿಗೆ ವಿರುದ್ಧ ದಿಕ್ಕಿನವು.

ಕುತೂಹಲದ ಸಂಗತಿಯೆಂದರೆ, ಈ ಗೊಂದಲ ಕನ್ನಡದಲ್ಲಿ ಹುಟ್ಟಿದ್ದಲ್ಲ. ಅದು ಮೂಲ ಪ್ರಸಂಗದಲ್ಲಿಯೇ ಇದೆ. ಫರಿಸಾಯರ ಪಂಗಡದ ನಿಕೊದೇಮನು ರಾತ್ರಿಯ ಹೊತ್ತು ಯೇಸುವಿನ ಬಳಿಗೆ ಬರುತ್ತಾನೆ. ದೇವರ ರಾಜ್ಯವನ್ನು ಕಾಣಬೇಕಾದವನು 'ಅನೋಥೆನ್' ಹುಟ್ಟಬೇಕೆಂಬ ಮಾತು ಅವನಿಗೆ ಕೇಳಿಸುತ್ತದೆ. ಈ ಗ್ರೀಕ್ ಪದಕ್ಕೆ 'ಮತ್ತೆ' ಎಂಬ ಅರ್ಥವೂ ಇದೆ, 'ಮೇಲಿನಿಂದ' ಎಂಬ ಅರ್ಥವೂ ಇದೆ. ನಿಕೊದೇಮನು ಮೊದಲನೆಯದನ್ನು ಹಿಡಿದುಕೊಂಡು, ಮುದುಕನಾದವನು ತಾಯಿಯ ಗರ್ಭವನ್ನು ಎರಡನೆಯ ಬಾರಿ ಹೊಕ್ಕು ಬರುವುದು ಹೇಗೆಂದು ಕೇಳುತ್ತಾನೆ. ಯೇಸುವಿನ ಉತ್ತರವು ಎರಡನೆಯ ಅರ್ಥದ ಕಡೆಗೆ ಹೊರಳುತ್ತದೆ: ನೀರು, ಆತ್ಮ, ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂದು ತಿಳಿಯದ ಗಾಳಿ. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ 'ಅನೋಥೆನ್' ಮತ್ತೊಮ್ಮೆ ಬಂದಾಗ ಅದರ ಅರ್ಥ 'ಮೇಲಿನಿಂದ' ಎಂಬುದರಲ್ಲಿ ಅನುಮಾನವಿಲ್ಲ; ಯೇಸುವಿನ ಅಂಗಿಯನ್ನು ಮೇಲಿನಿಂದ ನೇಯ್ದಿತ್ತೆಂದು ಹೇಳುವ ಕಡೆಯೂ ಇದೇ ಪದವಿದೆ. ಗಾಳಿಗೂ ಆತ್ಮಕ್ಕೂ ಗ್ರೀಕಿನಲ್ಲಿ 'ನ್ಯೂಮ' ಎಂಬ ಒಂದೇ ಪದವಿರುವುದರಿಂದ ಆ ಸಂಭಾಷಣೆಯಲ್ಲಿ ಶ್ಲೇಷೆಯ ಮೇಲೆ ಶ್ಲೇಷೆ ಕೂತಿದೆ. ಹಳಗನ್ನಡ ಕಾವ್ಯದ ಶ್ಲೇಷೆಯನ್ನು ಪಾಠ ಹೇಳುವವರಿಗೆ ಇಲ್ಲಿನ ಸಮಸ್ಯೆಯನ್ನು ವಿವರಿಸಬೇಕಾಗಿಲ್ಲ.

ಶ್ಲೇಷೆಯನ್ನು ಅನುವಾದಿಸಲಾಗದು, ಅನುವಾದಕನು ಒಂದು ಪಕ್ಷವನ್ನು ಆರಿಸಿಕೊಳ್ಳಲೇಬೇಕು. ಲ್ಯಾಟಿನ್ ಬೈಬಲ್ 'ಮತ್ತೆ' ಎಂಬುದನ್ನು ಆರಿಸಿತು. 1611ರ ಇಂಗ್ಲಿಷ್ ಅನುವಾದವೂ ಅದೇ ದಾರಿಯಲ್ಲಿ ನಡೆದು 'ಬಾರ್ನ್ ಅಗೇನ್' ಎಂಬ ನುಡಿಗಟ್ಟನ್ನು ಜಗತ್ತಿಗೆ ಹಂಚಿತು. 1976ರ ಅಮೆರಿಕದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಿಮ್ಮಿ ಕಾರ್ಟರ್ ತಮ್ಮ ನಂಬಿಕೆಯನ್ನು ಈ ಮಾತಿನಿಂದ ಗುರುತಿಸಿಕೊಂಡ ಮೇಲೆ ಅದು ದಿನಪತ್ರಿಕೆಗಳ ಸಾಮಗ್ರಿಯೂ ಆಯಿತು. 1989ರ ಒಂದು ಪ್ರಮುಖ ಇಂಗ್ಲಿಷ್ ಪರಿಷ್ಕರಣವು 'ಮೇಲಿನಿಂದ' ಎಂಬುದನ್ನು ಮುಖ್ಯ ಪಾಠಕ್ಕೆ ತಂದಿತು. ಕನ್ನಡದ ದಾರಿ ಇವೆರಡಕ್ಕಿಂತಲೂ ಭಿನ್ನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ತೊಡಗಿದ ಕನ್ನಡ ಬೈಬಲ್ ಅನುವಾದವು ಹಲವು ಪರಿಷ್ಕರಣಗಳನ್ನು ಕಂಡಿದೆ. ಪ್ರಾಟೆಸ್ಟಂಟರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪಾಠದಲ್ಲಿ ಇರುವುದು 'ಹೊಸದಾಗಿ' ಹುಟ್ಟುವುದು. 'ಮತ್ತೆ' ಅಲ್ಲ, 'ಮೇಲಿನಿಂದ'ಲೂ ಅಲ್ಲ. ಈ ಆಯ್ಕೆ ಬಹಳ ವಿವೇಕದ್ದು. 'ಮತ್ತೆ' ಎಂದಿದ್ದರೆ ಭಾರತೀಯ ಓದುಗನ ಮನಸ್ಸು ನೇರವಾಗಿ ಜನ್ಮಾಂತರಗಳ ಕಡೆಗೆ ಓಡುತ್ತಿತ್ತು. 'ಹೊಸದಾಗಿ' ಎಂಬುದು ಸಂಖ್ಯೆಯನ್ನು ಹೇಳುವುದಿಲ್ಲ, ಗುಣವನ್ನು ಹೇಳುತ್ತದೆ. ಆದರೆ ಅದಕ್ಕೂ ಬೆಲೆ ತೆರಬೇಕಾಗಿದೆ: ಕನ್ನಡದಲ್ಲಿ ನಿಕೊದೇಮನು ಕಾರಣವಿಲ್ಲದೆ ದಡ್ಡನಾಗಿ ತೋರುತ್ತಾನೆ. ಗ್ರೀಕಿನಲ್ಲಿ ಅವನ ತಪ್ಪು ಭಾಷೆಯೇ ಒಡ್ಡಿದ ಬಲೆ.

ಇನ್ನೊಂದು ವ್ಯಾಕರಣದ ಸೂಕ್ಷ್ಮವಿದೆ. ಗ್ರೀಕ್ ಕ್ರಿಯಾಪದವು ಕರ್ಮಣಿಯಲ್ಲಿದೆ. ತಂದೆಯಿಂದ ಜನಿಸುವುದಕ್ಕೂ ತಾಯಿಯಿಂದ ಹೆರಲ್ಪಡುವುದಕ್ಕೂ ಅದು ಸಲ್ಲುತ್ತದೆ. ಅಲ್ಲಿ ಜನ್ಮ ಕೊಡುವವನೊಬ್ಬನಿದ್ದಾನೆ ಎಂಬುದು ಪದರಚನೆಯಲ್ಲಿಯೇ ಸೂಚಿತ. ಕನ್ನಡದ 'ಹುಟ್ಟು' ಅಕರ್ಮಕ. ಗಿಡ ಹುಟ್ಟುವಂತೆ, ಮಾತು ಹುಟ್ಟುವಂತೆ ತಾನೇ ಆಗುವ ಕ್ರಿಯೆ. ಕ್ರೈಸ್ತ ಬೋಧನೆಯ ತಿರುಳು ಇರುವುದು ಈ ಕರ್ತೃವಿನಲ್ಲಿ. ಯಾರೂ ತನ್ನನ್ನು ತಾನು ಹೆತ್ತುಕೊಳ್ಳಲಾರರು. ಹೊಸಹುಟ್ಟು ಸಾಧನೆಯಲ್ಲ, ವರ.

ಪುನರ್ಜನ್ಮವೆಂಬ ಪದ ಕನ್ನಡ ಬೈಬಲ್‌ನಲ್ಲಿ ಇಲ್ಲವೆಂದಲ್ಲ. ಗ್ರೀಕಿನ 'ಪಾಲಿಂಗೆನೆಸಿಯ' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ವಿಶ್ವವು ಆವರ್ತನ ಆವರ್ತನವಾಗಿ ನಾಶವಾಗಿ ಮರುಕಳಿಸುತ್ತದೆಂಬ ತಮ್ಮ ಕಲ್ಪನೆಗೆ ಸ್ಟೋಯಿಕ್ ದಾರ್ಶನಿಕರು ಬಳಸುತ್ತಿದ್ದ ಪದವದು. ಮತ್ತಾಯನ ಸುವಾರ್ತೆಯಲ್ಲಿ ಅದು ಲೋಕದ ನವೀಕರಣವನ್ನು ಹೇಳುವುದರಿಂದ ರೂಢಿಯ ಕನ್ನಡ ಪಾಠವು 'ಹೊಸ ಸೃಷ್ಟಿ' ಎಂದಿದೆ. ತೀತನಿಗೆ ಬರೆದ ಪತ್ರಿಕೆಯಲ್ಲಿ ದೀಕ್ಷಾಸ್ನಾನದ ಸಂದರ್ಭದಲ್ಲಿ ಬಂದಾಗ ಅದೇ ಪಾಠವು 'ಪುನರ್ಜನ್ಮ' ಎಂದಿದೆ. ಅಷ್ಟೇ ಅಲ್ಲ, ಮೂಲದಲ್ಲಿ ಸ್ನಾನಕ್ಕೂ ಜನ್ಮಕ್ಕೂ ನಡುವೆ ಷಷ್ಠಿಯ ಸಂಬಂಧ ಮಾತ್ರವಿದ್ದರೆ, ಕನ್ನಡದಲ್ಲಿ 'ಸೂಚಿಸುವ' ಎಂಬ ಕೃದಂತ ಸೇರಿಕೊಂಡಿದೆ. ಸಣ್ಣ ಪದ, ಆದರೆ ಶತಮಾನಗಳ ವಾದವೊಂದನ್ನು ಅದು ಒಂದು ಪಕ್ಷಕ್ಕೆ ತೀರ್ಮಾನಿಸಿಬಿಡುತ್ತದೆ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಪರಂಪರೆಗಳಲ್ಲಿ ದೀಕ್ಷಾಸ್ನಾನವು ಹೊಸಹುಟ್ಟನ್ನು ಸೂಚಿಸುವುದಿಲ್ಲ, ಆಗಮಾಡುತ್ತದೆ. ಆದುದರಿಂದಲೇ ಹಸುಗೂಸಿಗೂ ಅದು ಸಲ್ಲುತ್ತದೆ. 1675ರಲ್ಲಿ ಸ್ಪೇನರ್ ತನ್ನ ಸುಧಾರಣಾ ಗ್ರಂಥವನ್ನು ಪ್ರಕಟಿಸಿದ ಮೇಲೆ ಜರ್ಮನಿಯಲ್ಲಿ ಬೆಳೆದ ಪಯಟಿಸ್ಟ್ ಪಂಥವೂ, 1738ರ ಅನುಭವದ ಬಳಿಕ ಜಾನ್ ವೆಸ್ಲಿ ಇಂಗ್ಲೆಂಡಿನಲ್ಲಿ ನಡೆಸಿದ ಜಾಗೃತಿಯೂ ಹೇಳಿದ್ದು ಬೇರೆ: ನೀರು ಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಪಶ್ಚಾತ್ತಾಪದಿಂದ ಬದಲಾದ ಬಾಳೇ ಹುಟ್ಟಿನ ಗುರುತು.

ಈ ಎರಡನೆಯ ಧಾರೆಯೇ 1834ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಮಂಗಳೂರಿಗೆ ಬಂದಿತು. ಕರಾವಳಿಯಲ್ಲಿ ಹೊಸಹುಟ್ಟು ಕೇವಲ ಅಂತರಂಗದ ಅನುಭವವಾಗಿ ಉಳಿಯಲಿಲ್ಲ. ದೀಕ್ಷೆ ಪಡೆದವನು ಮನೆ, ನಂಟು, ಕುಲವೃತ್ತಿಗಳನ್ನು ಕಳೆದುಕೊಳ್ಳುತ್ತಿದ್ದ. ಮಿಷನ್ನಿನ ನೇಯ್ಗೆ, ಹೆಂಚಿನ ಕಾರ್ಖಾನೆಗಳ ಹಿಂದೆ ಈ ಕಾರಣವೂ ಇದೆ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಅನಂತರ ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಆ ಹೆಸರನ್ನು ನಿಧಾನವಾಗಿ ಓದಬೇಕು. ಮುಂದೆ ಜರ್ಮನ್ ಹೆಸರು ಬಂದಿದೆ. ತಂದೆತಾಯಿಯರು ಇಟ್ಟದ್ದು ಹೋಗಿಲ್ಲ. ಋಷಿಮೂಲದ ಹೆಸರೂ ಹಾಗೆಯೇ ಇದೆ. ಹಳೆಯದು ಸತ್ತುಹೋಯಿತೆನ್ನುವ ಪೌಲನ ಬೋಧನೆಯನ್ನು ಒಪ್ಪಿಕೊಂಡ ವ್ಯಕ್ತಿಯ ಹೆಸರಿನಲ್ಲಿ ಹಳೆಯದು ಸತ್ತಿರಲಿಲ್ಲ. ಇದನ್ನು ವೈರುಧ್ಯವೆಂದು ಹಂಗಿಸಬೇಕಾಗಿಲ್ಲ. ಹೊಸಹುಟ್ಟು ನೆನಪಿನ ನಾಶವಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಬಲ್ಲದು.

ಹಾಗಾದರೆ ಕನ್ನಡದ ಒಳಗೆ ಇದಕ್ಕೆ ಸಮೀಪದ ಕಲ್ಪನೆ ಯಾವುದು? 'ದ್ವಿಜ' ಎಂಬುದು ಮೇಲ್ನೋಟಕ್ಕೆ ಹತ್ತಿರ. ಆದರೆ ಅಲ್ಲಿ ಎರಡನೆಯ ಹುಟ್ಟಿನ ಅರ್ಹತೆಯನ್ನು ಮೊದಲನೆಯ ಹುಟ್ಟೇ ಕೊಡುತ್ತದೆ. ವಚನಕಾರರ 'ಪುನರ್ಜಾತ' ನಿಜವಾದ ನೆರೆಯ ಪದ. ಗುರುವಿನ ಕರದಲ್ಲಿ ಹುಟ್ಟಿ ಭವಿತನವನ್ನು ಕಳೆದುಕೊಂಡವನಿಗೆ ಪೂರ್ವದ ಕುಲವನ್ನು ಎಣಿಸಬಾರದೆಂಬ ನಿಲುವಿನಲ್ಲಿ ಈ ಜನ್ಮದಲ್ಲಿಯೇ ಹೊಸ ಜನ್ಮವಿದೆ. ಜನ್ಮ ಕೊಡುವ ಕರ್ತೃವೂ ಅಲ್ಲಿ ಸ್ಪಷ್ಟ. ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದ ಹರ್ಮನ್ ಮೋಗ್ಲಿಂಗರು ಕೌಂಡಿನ್ಯರ ಕಾಲದಲ್ಲಿ ಮಂಗಳೂರಿನಲ್ಲಿಯೇ ಇದ್ದರು. ಹೀಗಿದ್ದೂ 'ಪುನರ್ಜಾತ' ಕ್ರೈಸ್ತ ಪರಿಭಾಷೆಯೊಳಗೆ ಬೇರೂರಲಿಲ್ಲವೆಂಬುದು ವಿಚಾರಾರ್ಹ. ವ್ಯತ್ಯಾಸಗಳೂ ಉಂಟು: ಒಂದೆಡೆ ಲಿಂಗ, ಇನ್ನೊಂದೆಡೆ ಶಿಲುಬೆಯ ಮರಣದಲ್ಲಿ ಪಾಲು. ಆದರೆ ಎರಡರ ಚರಿತ್ರೆಯಲ್ಲಿ ಒಂದು ಸಾಮ್ಯ ನೋವಿನದು. ಕುಲವನ್ನು ಅಳಿಸಲೆಂದು ಬಂದ ಹುಟ್ಟು ತಾನೇ ಕುಲವಾಯಿತು. ಲಿಂಗಾಯತ ಮನೆಯಲ್ಲಿ ಹುಟ್ಟಿದವನು ಲಿಂಗಾಯತ, ಕ್ರೈಸ್ತ ಮನೆಯಲ್ಲಿ ಹುಟ್ಟಿದವನು ಕ್ರೈಸ್ತ. ಮಂಗಳೂರಿನ ಕಥೋಲಿಕರಲ್ಲಿ ಬಾಮಣ, ಚಾರೊಡಿ ಎಂಬ ಭೇದಗಳು ದೀಕ್ಷಾಸ್ನಾನವನ್ನು ದಾಟಿ ಉಳಿದವು. ನಿಕೊದೇಮನ ಪ್ರಶ್ನೆಯನ್ನು ಸಮಾಜವು ತನ್ನದೇ ರೀತಿಯಲ್ಲಿ ಉತ್ತರಿಸಿತು: ಹೊಸಹುಟ್ಟನ್ನು ಮರಳಿ ತಾಯಿಯ ಗರ್ಭಕ್ಕೆ ಸೇರಿಸಿತು.

ಈ ಎಲ್ಲ ಪದರಗಳನ್ನು 'ಪುನರ್ಜನ್ಮ' ಎಂಬ ಪದ ಮುಚ್ಚಿಹಾಕುತ್ತದೆ. ಸಂಶೋಧನ ಪ್ರಬಂಧಗಳಲ್ಲಿ ಅದನ್ನು ಜನ್ಮಾಂತರದ ಅರ್ಥಕ್ಕೆ ಮೀಸಲಿಟ್ಟು, ಕ್ರೈಸ್ತ ಕಲ್ಪನೆಗೆ 'ಹೊಸಹುಟ್ಟು' ಎಂಬುದನ್ನೇ ಬಳಸುವುದು ಲೇಸು. ಆಡುನುಡಿಯ 'ಮರುಹುಟ್ಟು' ಕೂಡ ಉಪೇಕ್ಷಣೀಯವಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುವಾಗ ಕನ್ನಡಿಗರು ಜನ್ಮಾಂತರವನ್ನು ನೆನೆಯುವುದಿಲ್ಲ. ಸಾವಿನ ಬಾಗಿಲಿನವರೆಗೆ ಹೋಗಿ, ಇದೇ ದೇಹದಲ್ಲಿ, ಇದೇ ಮನೆಗೆ ಮರಳಿದವಳನ್ನು ನೆನೆಯುತ್ತಾರೆ. ಪದರಚನೆಯಲ್ಲಿ 'ಪುನರ್ಜನ್ಮ'ಕ್ಕೆ ಸಮವಾದ ಈ ಪದ ಅರ್ಥದಲ್ಲಿ ಅದರಿಂದ ಎಷ್ಟು ದೂರ ಸರಿದಿದೆಯೆಂಬುದನ್ನು ನಿಘಂಟುಕಾರರು ಗಮನಿಸಬೇಕು.

ನಿಕೊದೇಮನ ಕಥೆಯೂ ಆ ರಾತ್ರಿಗೆ ಮುಗಿಯುವುದಿಲ್ಲ. ಏಳನೆಯ ಅಧ್ಯಾಯದಲ್ಲಿ ಅವನು ತನ್ನವರ ಸಭೆಯಲ್ಲಿ ಯೇಸುವಿನ ಪರವಾಗಿ ಅಳುಕುತ್ತಲೇ ಒಂದು ನ್ಯಾಯದ ಮಾತನ್ನಾಡುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹೆಣದ ಸಂಸ್ಕಾರಕ್ಕೆಂದು ಹೊರಲಾರದಷ್ಟು ಸುಗಂಧದ್ರವ್ಯವನ್ನು ತರುತ್ತಾನೆ. ಅವನು ಹೊಸದಾಗಿ ಹುಟ್ಟಿದನೇ ಎಂಬುದನ್ನು ಸುವಾರ್ತಾಕಾರನು ಎಲ್ಲಿಯೂ ಹೇಳಿಲ್ಲ.