ಮಾತಿಗೂ ಒಂದು ಗರಡಿಮನೆ ಬೇಕು

ಹೋದ ತಿಂಗಳು ಒಂದು ಸಂಜೆ ನಮ್ಮೂರಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವಳು. ಈಗ ಬಿ.ಎಸ್ಸಿ. ಎರಡನೆಯ ವರ್ಷ.

‘ಸರ್, ಇಕೀ ಇನ್ನ ಕಾಲೇಜಿಗೆ ಹೋಗಾಂಗಿಲ್ಲ ಅಂತಾಳ್ರಿ. ನೀವರ ಒಂದ್ ಮಾತ ಹೇಳ್ರಿ’ ಎಂದರು.

ಆದದ್ದು ಇಷ್ಟೆ. ಕಾಲೇಜಿನಲ್ಲಿ ಸೆಮಿನಾರು. ಹತ್ತು ನಿಮಿಷ ನಿಂತು ಮಾತಾಡಬೇಕು. ಇವಳ ವಿಷಯ ಕೇಶಾಕರ್ಷಣೆ, ಎಂದರೆ ಸಪೂರ ನಾಳದಲ್ಲಿ ದ್ರವ ತಾನಾಗಿ ಮೇಲೇರುವ ಕ್ರಿಯೆ. ರಾತ್ರಿಯೆಲ್ಲ ಓದಿಕೊಂಡು ಹೋದವಳು ಎದ್ದು ನಿಂತೊಡನೆ ಬಾಯಿ ಒಣಗಿ, ಕೈಯಲ್ಲಿನ ಹಾಳೆ ನಡುಗಿ, ಒಂದು ವಾಕ್ಯವನ್ನೂ ಮುಗಿಸದೆ ಅಳುತ್ತ ಹೊರಗೆ ಬಂದಳು.

‘ಮೊದಲೂ ಹಿಂಗ ಆಗಿತ್ತೇನವಾ?’ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಒಂಬತ್ತನೇ ಕ್ಲಾಸಿನ್ಯಾಗ ಉತ್ತರಾ ಹೇಳಾಕ ನಿಂತಾಗ ತೊದಲಿದ್ನಿರಿ. ಎಲ್ಲಾರೂ ನಕ್ರು. ನೀವು “ಸಾಕು, ಕೂಡು” ಅಂದ್ರಿ. ಎದ್ದು ನಿಂತಾಗೆಲ್ಲ ಅದ ನೆನಪಾಗತೈತ್ರಿ.’

ನನಗೆ ಆ ದಿನದ ನೆನಪೇ ಇಲ್ಲ. ಆದರೆ ಅಂದಿರಬೇಕು. 28 ವರ್ಷಗಳ ಸರ್ವಿಸಿನಲ್ಲಿ ಎಷ್ಟು ಮಕ್ಕಳಿಗೆ ಹಾಗೆ ಅಂದಿದ್ದೇನೋ! ಪಾಠ ಮುಗಿಸುವ ಅವಸರ ನಮಗೆ. ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂದು ನಂಬಿಕೊಂಡು ಬಂದವರು ನಾವು. ‘ಮಾತು ಬೆಳ್ಳಿ, ಮೌನ ಬಂಗಾರ’ ಎನ್ನುತ್ತೇವೆ. ಬಂಗಾರ ಪೆಟ್ಟಿಗೆಯಲ್ಲಿಡಲು ಸರಿ, ಸಂತೆಗೆ ಹೋಗುವವನಿಗೆ ಬೆಳ್ಳಿಯ ರೂಪಾಯಿಯೇ ಬೇಕಲ್ಲವೆ?

ಮೊದಲು ಅವಳಿಗೆ ಈ ಅಂಜಿಕೆಯ ವಿಜ್ಞಾನ ಹೇಳಿದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಗ್ರಂಥಿಗಳಿವೆ. ಅಪಾಯ ಕಂಡಾಗ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಎದುರಿಗೆ ಇರುವುದು ಹುಲಿಯೋ ಅರವತ್ತು ಸಹಪಾಠಿಗಳೋ ಎಂಬ ಭೇದವನ್ನು ದೇಹ ಮಾಡುವುದಿಲ್ಲ. ಇದು ದಡ್ಡತನವಲ್ಲ, ದೇಹಧರ್ಮ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಆದರೆ ನಿಜವಾದ ಮದ್ದು ಒಂದೇ: ಮತ್ತೆ ಮತ್ತೆ ಎದ್ದು ನಿಲ್ಲುವುದು.

ದೊಡ್ಡವರೂ ಈ ದಾರಿಯಲ್ಲೇ ಬಂದವರು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ 1891ರಲ್ಲಿ ಮರಳಿದ ಗಾಂಧೀಜಿ ಮುಂಬಯಿಯ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತು, ಪ್ರಶ್ನೆ ಕೇಳಲಾಗದೆ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿ ಫೀಯನ್ನೂ ಮರಳಿಸಿದರು. ಅವರೇ 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು.

ವಿಜ್ಞಾನದ ಮಕ್ಕಳಿಗೆ ನಾನು ಹೇಳುವುದು ಮೈಕೆಲ್ ಫ್ಯಾರಡೆಯ ಕಥೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಹುಡುಗ. ಉಪನ್ಯಾಸ ಮಾಡಬೇಕಾಗಿ ಬಂದಾಗ ಬೆಂಜಮಿನ್ ಸ್ಮಾರ್ಟ್ ಎಂಬ ಶಿಕ್ಷಕನಿಗೆ ಹಣ ಕೊಟ್ಟು ಮಾತಿನ ಪಾಠ ಹೇಳಿಸಿಕೊಂಡರು. ತಪ್ಪುಗಳನ್ನು ಗುರುತು ಹಾಕಲು ಗೆಳೆಯನನ್ನು ಎದುರಿಗೆ ಕೂಡ್ರಿಸುತ್ತಿದ್ದರು. ವೇಗ ಹೆಚ್ಚಾಗದಿರಲೆಂದು ‘ನಿಧಾನ’ ಎಂದು ಬರೆದ ಚೀಟಿಯನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಮಕ್ಕಳಿಗಾಗಿ ಅವರು ಮಾಡಿದ ಮೇಣದ ಬತ್ತಿಯ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು, ಇಂದಿಗೂ ಓದಿಸಿಕೊಳ್ಳುತ್ತವೆ. ಅಷ್ಟು ದೊಡ್ಡ ವಿಜ್ಞಾನಿಗೆ ಮಾತು ಕಲಿಯಲು ನಾಚಿಕೆಯಾಗಲಿಲ್ಲ.

ನಮ್ಮ ಧಾರವಾಡವೇನು ಕಡಿಮೆಯೇ? 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯಲ್ಲಿ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂದು ಮಾತನಾಡಿದರು. ಅವರು ಕಲಿಸುತ್ತಿದ್ದದ್ದು ಇಂಗ್ಲಿಷು. ವಯಸ್ಸಿನ್ನೂ ಮೂವತ್ತು ದಾಟಿರಲಿಲ್ಲ. ಆ ಒಂದು ಉಪನ್ಯಾಸವನ್ನು ಕನ್ನಡನಾಡು ಇನ್ನೂ ಮರೆತಿಲ್ಲ. ಇಂಥ ಊರಿನ ಸುತ್ತಲಿನ ಮಕ್ಕಳು ಹತ್ತು ನಿಮಿಷ ನಿಲ್ಲಲು ಹೆದರಿ ಓದು ಬಿಡುವುದೆಂದರೇನು?

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವಿರುತ್ತದೆ. ಭಾಷಣದ ಕೋರ್ಸು ತೆಗೆದುಕೊಂಡವರು ತಯಾರಿಯ ಹಾಳೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಕೇಳಲು ಕೂಡ್ರುವವರು ಪ್ರಾಧ್ಯಾಪಕರಲ್ಲ, ತರಬೇತಿ ಪಡೆದ ಹಿರಿಯ ವಿದ್ಯಾರ್ಥಿಗಳು. ಮಾತನ್ನು ವಿಡಿಯೋ ಮಾಡಿ ತೋರಿಸುತ್ತಾರೆ. ಅಂಕವಿಲ್ಲ, ನಗುವವರಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಗರಡಿಮನೆ. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ನೂರು ಸಲ ಬಿದ್ದವನನ್ನೇ ತಾನೆ ಜಾತ್ರೆಯ ಕುಸ್ತಿಗೆ ಇಳಿಸುವುದು? ಮಾತಿಗೆ ಮಾತ್ರ ನಾವು ನೇರವಾಗಿ ಕಣಕ್ಕೇ ತಳ್ಳುತ್ತೇವೆ.

ನಮ್ಮ ಗರಡಿ ಶನಿವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಆರಂಭವಾಯಿತು. ಮೊದಲ ದಿನ ನಾನೇ ಅವಳಿಗೆ, ‘ಅವತ್ತ ನನ್ನದ ತಪ್ಪಾತವಾ’ ಎಂದೆ. ಕೇಳುಗರು ನಾಲ್ಕೇ ಜನ: ನಾನು, ಅವಳ ತಂದೆ, ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು. ಹಾಳೆ ಕೆಳಗಿಟ್ಟು, ದೀಪದ ಬತ್ತಿ ಎಣ್ಣೆ ಏರಿಸುವುದರಿಂದ ಶುರುಮಾಡು ಎಂದೆ. ಎರಡು ಶನಿವಾರ ನಡುವೆಯೇ ನಿಂತಳು. ನಾವು ಸುಮ್ಮನೆ ಕಾದೆವು. ಮೂರನೆಯ ಶನಿವಾರ ನಮ್ಮ ಎರೆಹೊಲಕ್ಕೆ ಬಂದಳು. ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ಕೆಳಗಿನ ಹಸಿ ಮೇಲೇರಿ ಬಿಸಿಲಿಗೆ ಆರುತ್ತದೆ, ಎಡೆಕುಂಟೆ ಹೊಡೆದರೆ ಮೇಲ್ಪದರದ ಆ ದಾರಿ ಕಡಿಯುತ್ತದೆ ಎಂದಳು.

ತಂದೆ ತಡೆಯಲಾರದೆ, ‘ಬರೇ ಅಷ್ಟ ಅಲ್ಲವಾ, ಎರಿ ಬಿರಕೂ ಮುಚ್ಚತಾವು. ಅದರಾಗಿಂದನೂ ಹಸಿ ಹೊಕ್ಕೈತಿ’ ಎಂದರು. ಅವಳು ‘ಹೌದಪಾ, ಅದನ್ನೂ ಸೇರಸ್ತೀನಿ’ ಎಂದು ನಗುತ್ತ ಮುಂದುವರಿಸಿದಳು. ಹತ್ತು ನಿಮಿಷ ಆದದ್ದು ಅವಳಿಗೇ ತಿಳಿಯಲಿಲ್ಲ.

ಮೊನ್ನೆ ಕಾಲೇಜಿನಲ್ಲಿ ಮತ್ತೆ ಸೆಮಿನಾರು ಕೊಟ್ಟಳು. ನಡುವೆ ಒಮ್ಮೆ ತಡವರಿಸಿ, ನೀರು ಕುಡಿದು, ಮುಗಿಸಿದಳಂತೆ. ಅಂಕ ಸಾಧಾರಣ. ಆದರೆ ಕಾಲೇಜು ಬಿಡುವ ಮಾತು ಈಗಿಲ್ಲ.

ಪಾಲಕರೇ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಟಿ.ವಿ., ಮೊಬೈಲು ಬದಿಗಿಟ್ಟು ‘ಇವತ್ತ ಏನ್ ಕಲತಿ, ನಮಗೂ ತಿಳಿಸಿ ಹೇಳು’ ಎನ್ನಿರಿ. ನಡುವೆ ತಿದ್ದಬೇಡಿರಿ, ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿರಿ. ವಿದ್ಯಾರ್ಥಿಗಳೇ, ಬಾಯಿಪಾಠ ಬೇಡ. ಮೊದಲ ಮತ್ತು ಕೊನೆಯ ವಾಕ್ಯ ಗಟ್ಟಿಯಿರಲಿ, ನಡುವಿನದಕ್ಕೆ ನಾಲ್ಕು ಗುರುತಿನ ಪದ ಸಾಕು. ಗೆಳೆಯ ತೊದಲಿದರೆ ನಗಬೇಡಿ. ಕಾಲೇಜಿನ ಹಿರಿಯರಲ್ಲಿ ನನ್ನ ಬಿನ್ನಹ ಒಂದೇ: ಸಂಜೆ ಖಾಲಿ ಬೀಳುವ ಒಂದು ಕೋಣೆಯನ್ನು ಈ ಮಕ್ಕಳಿಗೆ ಬಿಟ್ಟುಕೊಡಿರಿ.

ನಾನಂತೂ ತರಗತಿಯಲ್ಲಿ ‘ಸಾಕು, ಕೂಡು’ ಎನ್ನುವುದನ್ನು ಬಿಟ್ಟಿದ್ದೇನೆ. ಈಗ ಅನ್ನುವುದು, ‘ಅವಸರಿಲ್ಲ, ಹೇಳವಾ’.