ಘಟ್ಟದ ಮೇಲಿನ ಸೈಕಲ್ ಪ್ರವಾಸ: ವರ್ತಕರು ಗಮನಿಸಬೇಕಾದ ಅವಕಾಶ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ವಾಣಿಜ್ಯ ವಹಿವಾಟು ಬಹುಮಟ್ಟಿಗೆ ಅಡಿಕೆಯೊಂದನ್ನೇ ನೆಚ್ಚಿಕೊಂಡಿದೆ. ಧಾರಣೆ ಏರಿದ ವರ್ಷ ಜವಳಿ ಅಂಗಡಿಯಿಂದ ಹಾರ್ಡ್‌ವೇರ್ ಮಳಿಗೆಯವರೆಗೆ ಎಲ್ಲೆಡೆ ವ್ಯಾಪಾರ ಚುರುಕಾಗುತ್ತದೆ. ಧಾರಣೆ ಕುಸಿದಾಗ, ಅಥವಾ ಕೊಳೆರೋಗ, ಎಲೆಚುಕ್ಕೆ ರೋಗಗಳು ತೋಟಕ್ಕೆ ತಗುಲಿದಾಗ, ಅದೇ ಅಂಗಡಿಗಳಲ್ಲಿ ಉದ್ರಿ ಲೆಕ್ಕ ಬೆಳೆಯುತ್ತದೆ. 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂತಹ ಸಹಕಾರಿ ಸಂಸ್ಥೆಗಳು ಬೆಳೆಗಾರರಿಗೆ ಸಂಘಟಿತ ಮಾರುಕಟ್ಟೆಯನ್ನು ಕಲ್ಪಿಸಿಕೊಟ್ಟವು. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದಾಗ್ಯೂ ಒಂದೇ ಬೆಳೆಯ ಮೇಲಿನ ಅವಲಂಬನೆ ತಪ್ಪಿಲ್ಲ. ಹೆಚ್ಚು ಬಂಡವಾಳ ಬೇಡದ, ಹಳ್ಳಿಗಳಲ್ಲೇ ಹಣ ಚಲಾವಣೆಯಾಗುವ ಎರಡನೆಯ ಆದಾಯವೊಂದರ ಅಗತ್ಯ ಈ ಭಾಗಕ್ಕಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಪ್ರವಾಸೋದ್ಯಮವೇ ಆ ಆದಾಯ ಎಂದು ಹೇಳುವವರು ಅನೇಕರಿದ್ದಾರೆ. ಆದರೆ ಈಗ ನಡೆಯುತ್ತಿರುವ ಪ್ರವಾಸದ ರೀತಿಯನ್ನು ವರ್ತಕರ ಕಣ್ಣಿನಿಂದ ನೋಡಬೇಕು. ವಾರಾಂತ್ಯದಲ್ಲಿ ಕಾರು, ಟೆಂಪೊಗಳಲ್ಲಿ ಬರುವವರು ಒಂದೇ ದಿನದಲ್ಲಿ ಸಹಸ್ರಲಿಂಗ, ಬನವಾಸಿ, ಜೋಗಗಳನ್ನು ಮುಗಿಸಿ ಹಿಂದಿರುಗುತ್ತಾರೆ. ತಿಂಡಿ, ನೀರಿನ ಬಾಟಲಿಗಳು ಅನೇಕರ ವಾಹನದಲ್ಲಿಯೇ ಇರುತ್ತವೆ. ಎರಡು ತಾಣಗಳ ನಡುವಿನ ಹತ್ತಾರು ಹಳ್ಳಿಗಳು ಕಿಟಕಿಯಾಚೆ ಸರಿದುಹೋಗುತ್ತವೆ. ಆ ಹಳ್ಳಿಗಳ ಪಾಲಿಗೆ ಉಳಿಯುವುದು ಧೂಳು ಮತ್ತು ಪ್ಲಾಸ್ಟಿಕ್ ಮಾತ್ರ.

ಸೈಕಲ್ ಪ್ರವಾಸಿಯ ಲೆಕ್ಕಾಚಾರವೇ ಬೇರೆ. ದಿನಕ್ಕೆ 30ರಿಂದ 40 ಕಿ.ಮೀ. ಕ್ರಮಿಸುವ ಆತನಿಗೆ ಪ್ರತಿ ಹತ್ತು ಕಿಲೋಮೀಟರಿಗೆ ಬಾಯಾರಿಕೆ, ಮಧ್ಯಾಹ್ನಕ್ಕೆ ಹಸಿವು, ಸಂಜೆಗೆ ಬಿಸಿನೀರು ಮತ್ತು ಹಾಸಿಗೆ ಅವಶ್ಯ. ಇವೆಲ್ಲವನ್ನೂ ಆತ ದಾರಿಯಲ್ಲಿಯೇ ಕೊಳ್ಳಬೇಕು. ನಿಧಾನವಾಗಿ ಸಂಚರಿಸುವ ಪ್ರವಾಸಿಯೇ ಹಳ್ಳಿಯ ಅಂಗಡಿಗೆ ನಿಜವಾದ ಗಿರಾಕಿ.

ಫ್ರಾನ್ಸ್ ದೇಶದ ಅನುಭವ

ಈ ಸರಳ ಸತ್ಯವನ್ನು ವಾಣಿಜ್ಯವಾಗಿ ಬೆಳೆಸಿದ ದೇಶಗಳಲ್ಲಿ ಫ್ರಾನ್ಸ್ ಮುಂಚೂಣಿಯಲ್ಲಿದೆ. ಅಲ್ಲಿನ ಲ್ವಾರ್ ನದಿಯ ಗುಂಟ ಸುಮಾರು 900 ಕಿ.ಮೀ. ಉದ್ದದ ಸೈಕಲ್ ಮಾರ್ಗವೊಂದಿದೆ. ಎರಡು ಪ್ರಾಂತಗಳ ಆಡಳಿತಗಳು 1990ರ ದಶಕದಲ್ಲಿ ಕೂಡಿ ಯೋಜಿಸಿದ ಈ ಮಾರ್ಗವು ಬ್ಲ್ವಾ, ತೂರ್, ಸೋಮ್ಯೂರ್ ಮುಂತಾದ ಪಟ್ಟಣಗಳನ್ನು, ದ್ರಾಕ್ಷಿ ತೋಟಗಳನ್ನು, ಹಳೆಯ ಕೋಟೆ ಅರಮನೆಗಳನ್ನು ಹಾದು ಅಟ್ಲಾಂಟಿಕ್ ಸಾಗರದ ತೀರದವರೆಗೆ ಸಾಗುತ್ತದೆ. ಬರ್ಗಂಡಿ ಪ್ರಾಂತದಲ್ಲಿ ರೈಲು ಸಂಚಾರ ನಿಂತುಹೋದ ಹಳಿಯ ಹಾದಿಯನ್ನೇ 1997ರಲ್ಲಿ ಸೈಕಲ್ ಮತ್ತು ಕಾಲ್ನಡಿಗೆಗೆ ಮೀಸಲಾದ ‘ಹಸಿರು ಹಾದಿ’ಯಾಗಿ ಮಾರ್ಪಡಿಸಲಾಯಿತು. ಜಿವ್ರಿ ಮತ್ತು ಕ್ಲೂನಿ ಪಟ್ಟಣಗಳ ನಡುವಿನ ಆ ಹಾದಿಯ ಉದ್ದ 44 ಕಿ.ಮೀ.

ಲ್ವಾರ್ ಮಾರ್ಗದಲ್ಲಿ ಇಲ್ಲಿನ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅದು ಉದ್ದಕ್ಕೂ ಹೊಸದಾಗಿ ನಿರ್ಮಿಸಿದ ಪ್ರತ್ಯೇಕ ಮಾರ್ಗವಲ್ಲ. ಅದರ ದೊಡ್ಡ ಭಾಗವು ವಾಹನ ಸಂಚಾರ ಅತ್ಯಲ್ಪವಾಗಿರುವ ಹಳ್ಳಿಯ ರಸ್ತೆಗಳೇ ಆಗಿದ್ದು, ಅವುಗಳನ್ನು ಗುರುತಿಸಿ, ಒಂದಕ್ಕೊಂದು ಜೋಡಿಸಿ, ಪ್ರತಿ ತಿರುವಿನಲ್ಲಿಯೂ ಫಲಕ ನೆಡಲಾಗಿದೆ. ಮಾರ್ಗದಿಂದ 5 ಕಿ.ಮೀ. ಒಳಗಿನ ವಸತಿಗೃಹಗಳು ಸೈಕಲ್ ಇಡಲು ಭದ್ರವಾದ ಜಾಗ, ದುರಸ್ತಿಯ ಸಲಕರಣೆ, ಸವಾರರಿಗೆ ಒಪ್ಪುವ ಬೆಳಗಿನ ಉಪಾಹಾರ ಮುಂತಾದ ಸೌಲಭ್ಯಗಳನ್ನು ಒದಗಿಸಿದರೆ ‘ಸೈಕಲ್ ಸವಾರರಿಗೆ ಸ್ವಾಗತ’ ಎಂಬರ್ಥದ ರಾಷ್ಟ್ರೀಯ ಮುದ್ರೆ ದೊರೆಯುತ್ತದೆ. ಸೈಕಲ್ಲಿನ ಚೀಲದಲ್ಲಿ ಹೆಚ್ಚು ಬಾಟಲಿಗಳನ್ನು ಹೊರಲು ಸವಾರನಿಗೆ ಆಗದು. ತೋಟದಲ್ಲಿ ರುಚಿ ನೋಡಿದ ದ್ರಾಕ್ಷಾರಸವನ್ನು ಆತನ ಮನೆಯ ವಿಳಾಸಕ್ಕೆ ಕಳುಹಿಸಿಕೊಟ್ಟರೆ ದಾರಿಹೋಕನೂ ಕಾಯಂ ಗಿರಾಕಿಯಾಗಬಲ್ಲ.

ಇಲ್ಲಿ ಇರುವುದೇನು

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ನದಿಗಳಿಗೂ ತೋಟಗಳಿಗೂ ಕೊರತೆಯಿಲ್ಲ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯು ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರ ಸೇರುವ ಅಪರೂಪದ ನದಿಗಳಲ್ಲೊಂದು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಸಮೀಪ ಅದು 116 ಮೀಟರ್ ಎತ್ತರದಿಂದ ಉಂಚಳ್ಳಿ ಜಲಪಾತವಾಗಿ ಧುಮುಕುತ್ತದೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿಯನ್ನು ವರದಾ ನದಿಯು ಬಳಸಿ ಹರಿಯುತ್ತದೆ. ಸೋಂದಾ ಸೀಮೆಯಲ್ಲಿ ಶಾಲ್ಮಲಾ ನದಿ, ಅದರ ಬಂಡೆಗಳ ಮೇಲೆ ಸಹಸ್ರಲಿಂಗ. ಯಲ್ಲಾಪುರದ ಕಡೆ ಬೇಡ್ತಿಯ ಮಾಗೋಡು ಜಲಪಾತ. ಇವುಗಳ ನಡುವೆ ಕಣಿವೆಯ ತಂಪಿನಲ್ಲಿ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಏಲಕ್ಕಿ, ಮೇಲೆ ಸೊಪ್ಪಿನ ಬೆಟ್ಟ.

ಈ ಸಂಪತ್ತು ಉಳಿದಿರುವುದು ಆಕಸ್ಮಿಕವಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಗೆ ತೋಟಿಗರು ಒಡ್ಡಿದ ಪ್ರತಿರೋಧ, 1983ರಲ್ಲಿ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿ ಇವು ಅದರ ಹಿಂದಿವೆ. ಅಂದು ಜನರು ಉಳಿಸಿಕೊಂಡ ಕಾಡು ಮತ್ತು ಕಣಿವೆ ಇಂದು ವಾಣಿಜ್ಯದ ದೃಷ್ಟಿಯಿಂದಲೂ ಆಸ್ತಿಯಾಗಿದೆ.

ಮಾರ್ಗವೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇದೆ. ಮೂರೂ ಪಟ್ಟಣಗಳಿಗೆ ರೈಲಿಲ್ಲ. ಆದರೆ ಸಿದ್ದಾಪುರದಿಂದ ಸುಮಾರು 15 ಕಿ.ಮೀ. ದೂರದ ತಾಳಗುಪ್ಪಕ್ಕೆ ಬೆಂಗಳೂರು, ಮೈಸೂರುಗಳಿಂದ ರೈಲು ಬರುತ್ತದೆ. ಅಲ್ಲಿ ಇಳಿದ ಸವಾರ ಮೊದಲ ರಾತ್ರಿ ಸಿದ್ದಾಪುರದಲ್ಲಿ, ಎರಡನೆಯ ರಾತ್ರಿ ಕಾನಸೂರಿನ ಮೂಲಕ ಶಿರಸಿಯಲ್ಲಿ, ಮೂರನೆಯ ರಾತ್ರಿ ಬನವಾಸಿಯಲ್ಲಿ, ನಾಲ್ಕನೆಯ ರಾತ್ರಿ ಸೋಂದಾದಲ್ಲಿ ತಂಗಿ, ಐದನೆಯ ದಿನ ಮಂಚಿಕೇರಿಯ ಮೂಲಕ ಯಲ್ಲಾಪುರ ಸೇರಬಹುದು. ಒಟ್ಟು 150 ಕಿ.ಮೀ. ಆಸುಪಾಸಿನ ಪ್ರಯಾಣ. ಯಲ್ಲಾಪುರದಿಂದ ಬಸ್ಸಿನಲ್ಲಿ ಹುಬ್ಬಳ್ಳಿ ತಲುಪಿದರೆ ಮತ್ತೆ ರೈಲು ಸಿಗುತ್ತದೆ. ಮುಖ್ಯ ರಸ್ತೆಗೆ ಪರ್ಯಾಯವಾಗಿ ಊರೊಳಗಿನ ಡಾಂಬರು ರಸ್ತೆಗಳು ಇರುವೆಡೆ ಅವುಗಳನ್ನೇ ಆರಿಸಿಕೊಳ್ಳಬಹುದಾಗಿದೆ.

ಮರೆಯಬಾರದ ವ್ಯತ್ಯಾಸಗಳು

ಲ್ವಾರ್ ಕಣಿವೆಯನ್ನು ಹಾಗೆಯೇ ಇಲ್ಲಿಗೆ ತಂದಿಡಲು ಸಾಧ್ಯವಿಲ್ಲ. ಅಲ್ಲಿ ನದಿಯ ದಂಡೆ ಸಮತಟ್ಟು. ಇಲ್ಲಿ ಪ್ರತಿ ಹಳ್ಳ ದಾಟಿದ ಮೇಲೂ ಏರು. ಆದ್ದರಿಂದ ಗೇರುಳ್ಳ ಸೈಕಲ್ ಅವಶ್ಯ. ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ಇಳಿಜಾರು ಕಡಿದು, ಭಾರಿ ವಾಹನಗಳೂ ಹೆಚ್ಚು. ಅವುಗಳನ್ನು ಈ ಮಾರ್ಗದಿಂದ ಹೊರಗಿಡುವುದೇ ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಉಂಬಳಗಳ ಕಾಲ. ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳೇ ಸೈಕಲ್ ಪ್ರವಾಸಕ್ಕೆ ಪ್ರಶಸ್ತ. ಯಲ್ಲಾಪುರದ ಕಾಡಿನ ಅಂಚಿನಲ್ಲಿ ಕಾಡುಪ್ರಾಣಿಗಳ ಸಂಚಾರ ಇರುವುದರಿಂದ ಹಗಲು ಹೊತ್ತಿನಲ್ಲಿ ಮಾತ್ರ ಸವಾರಿ ಎಂಬ ನಿಯಮ ಕಡ್ಡಾಯವಾಗಬೇಕು.

ಸವಾರರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆ ಸಹಜವೇ. ಬೆಂಗಳೂರಿನ ಉತ್ಸಾಹಿಗಳು 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಹಲವು ದಿನಗಳ ದೂರದ ಸೈಕಲ್ ಪ್ರವಾಸಕ್ಕೂ ದೇಶದಲ್ಲಿ ಆಸಕ್ತರಿದ್ದಾರೆ ಎಂಬುದನ್ನು ತೋರಿಸಿಕೊಟ್ಟಿತು. ಮೈಸೂರಿನಲ್ಲಿ 2017ರಲ್ಲಿ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆ ಬಂದಿತು. ಸೆಪ್ಟೆಂಬರ್ 2025ರಲ್ಲಿ ಸೈಕಲ್ ಹಾಗೂ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರ ಶೇ. 12ರಿಂದ ಶೇ. 5ಕ್ಕೆ ಇಳಿದದ್ದು ಈ ವ್ಯಾಪಾರಕ್ಕೆ ಅನುಕೂಲಕರ.

ಯಾರಿಗೆ ಏನು ಲಾಭ

ಒಂದು ಊಹೆಯ ಲೆಕ್ಕ ಹಾಕಿ ನೋಡಬಹುದು. ಹಂಗಾಮಿನ 16 ವಾರಗಳಲ್ಲಿ ವಾರಕ್ಕೆ 20 ಸವಾರರಂತೆ ಬಂದರೆ ಒಟ್ಟು 320 ಜನ. ತಲಾ ನಾಲ್ಕು ರಾತ್ರಿಯಂತೆ 1,280 ರಾತ್ರಿಗಳ ವಸತಿ. ಊಟ, ವಸತಿ, ಖರೀದಿ ಸೇರಿ ದಿನಕ್ಕೆ 1,500 ರೂಪಾಯಿ ಖರ್ಚಾದರೆ ಮೊತ್ತ 19.20 ಲಕ್ಷ ರೂಪಾಯಿ. ಅಡಿಕೆಯ ವಹಿವಾಟಿನ ಮುಂದೆ ಇದು ಚಿಲ್ಲರೆ ಹಣವೆನಿಸಬಹುದು. ಆದರೆ ಈ ಹಣ ಯಾವುದೋ ಒಂದೆರಡು ದೊಡ್ಡ ಹೋಟೆಲುಗಳಿಗೆ ಸೇರದೆ ಮನೆವಾಸ್ತವ್ಯ ನಡೆಸುವ ತೋಟಿಗರು, ಖಾನಾವಳಿಗಳು, ಕಿರಾಣಿ ಅಂಗಡಿಗಳು, ಸಾಮಾನು ಸಾಗಿಸುವ ಗೂಡ್ಸ್ ರಿಕ್ಷಾಗಳ ನಡುವೆ ಹಂಚಿಕೆಯಾಗುತ್ತದೆ. ಮಕ್ಕಳು ನಗರಗಳಿಗೆ ಹೋಗಿ ಹಿರಿಯರಷ್ಟೇ ಉಳಿದಿರುವ ದೊಡ್ಡ ಮನೆಗಳಲ್ಲಿ ಒಂದೆರಡು ಕೋಣೆಗಳಿಗೆ ಬಾಡಿಗೆ ಬರುವುದು ಆ ಮನೆಗಳ ಪಾಲಿಗೆ ಸಣ್ಣ ವಿಷಯವಲ್ಲ.

ಸಣ್ಣ ಉದ್ಯಮಿಗಳಿಗೂ ಇಲ್ಲಿ ಪಾಲಿದೆ. ವೆಲ್ಡಿಂಗ್ ವರ್ಕ್‌ಶಾಪುಗಳು ಸೈಕಲ್ ನಿಲ್ಲಿಸುವ ಸ್ಟ್ಯಾಂಡು, ಕ್ಯಾರಿಯರ್, ಮಾರ್ಗಫಲಕಗಳನ್ನು ತಯಾರಿಸಬಹುದು. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಿದ ಕಾಲದಲ್ಲಿ ಕೆಲಸ ಕಂಡಿದ್ದ ಸೈಕಲ್ ರಿಪೇರಿಯವರು ಗೇರು, ಡಿಸ್ಕ್ ಬ್ರೇಕುಗಳ ದುರಸ್ತಿಯನ್ನು ಕಲಿತು ಟ್ಯೂಬು, ಚೈನುಗಳ ದಾಸ್ತಾನು ಇಟ್ಟರೆ ಅವರಿಗೆ ಹೊಸ ಗಿರಾಕಿಗಳು ಸಿಗುತ್ತಾರೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕಗಳಿಗೆ ಮಾರ್ಗದುದ್ದಕ್ಕೂ ಬೇಡಿಕೆ ಬರಬಲ್ಲದು.

ಎಲ್ಲಕ್ಕಿಂತ ದೊಡ್ಡ ಅವಕಾಶವಿರುವುದು ಸಂಸ್ಕರಿತ ಪದಾರ್ಥಗಳಿಗೆ. ಜೋನಿಬೆಲ್ಲ, ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸುಕೇಳಿ, ಮುರುಗಲಿನ ಪಾನಕ, ಜೇನು, ಕಾಳುಮೆಣಸು, ಏಲಕ್ಕಿ ಇವೆಲ್ಲ ಇಲ್ಲಿನ ಮನೆಗಳಲ್ಲಿ ತಯಾರಾಗುವ ಅಥವಾ ತೋಟಗಳಲ್ಲಿ ಬೆಳೆಯುವ ಪದಾರ್ಥಗಳು. ಸವಾರ ಐದು ಕಿಲೋ ಬೆಲ್ಲದ ಡಬ್ಬಿಯನ್ನು ಹೊರಲಾರ. 100 ಗ್ರಾಂ ಪೊಟ್ಟಣವನ್ನು ಕೊಳ್ಳುತ್ತಾನೆ. ಆ ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ದೂರವಾಣಿ ಸಂಖ್ಯೆ ಸ್ಪಷ್ಟವಾಗಿ ಮುದ್ರಿತವಾಗಿದ್ದು, ಕೊರಿಯರ್ ಮೂಲಕ ಕಳುಹಿಸುವ ಏರ್ಪಾಡಿದ್ದರೆ ಮಳೆಗಾಲದಲ್ಲಿಯೂ ಆತ ಬೆಂಗಳೂರಿನಿಂದಲೇ ತರಿಸಿಕೊಳ್ಳುತ್ತಾನೆ. ನಾಲ್ಕು ತಿಂಗಳ ಪ್ರವಾಸವು ಹನ್ನೆರಡು ತಿಂಗಳ ವ್ಯಾಪಾರವಾಗುವುದು ಹೀಗೆ.

ರಸ್ತೆಯ ಪ್ರಶ್ನೆ

ಈ ಎಲ್ಲ ಲೆಕ್ಕವೂ ನಿಂತಿರುವುದು ಒಂದು ಸಂಗತಿಯ ಮೇಲೆ: ಸದ್ದುಗದ್ದಲವಿಲ್ಲದ ಸುರಕ್ಷಿತ ರಸ್ತೆ. ಅದನ್ನು ಕಳೆದುಕೊಂಡರೆ ಜಲಪಾತವೂ ದೇವಾಲಯವೂ ಸೈಕಲ್ ಸವಾರನನ್ನು ಕರೆತರಲಾರವು. ಭಾರಿ ವಾಹನಗಳು ಊರಿನ ನಡುವೆ ನುಗ್ಗಿದರೆ ಏನಾಗುತ್ತದೆಂಬುದು ಯಲ್ಲಾಪುರದ ವರ್ತಕರಿಗೆ ಗೊತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸುವವರೆಗೆ ಬಳ್ಳಾರಿ ಸೀಮೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಆ ಹೆದ್ದಾರಿಯಲ್ಲಿಯೇ ಸಾಗುತ್ತಿದ್ದವು.

ವರ್ತಕರಿಗೆ ಒಳ್ಳೆಯ ಹೆದ್ದಾರಿ ಬೇಕು. ಅಡಿಕೆ ಲಾರಿಯು ವೇಳೆಗೆ ಸರಿಯಾಗಿ ಹುಬ್ಬಳ್ಳಿಯನ್ನೋ ಬಂದರನ್ನೋ ಮುಟ್ಟಬೇಕು. ಈ ಬೇಡಿಕೆ ನ್ಯಾಯವಾದುದು. ಆದರೆ ಪ್ರತಿಯೊಂದು ಒಳರಸ್ತೆಯನ್ನೂ ಅಗಲಗೊಳಿಸುವುದೇ ಅಭಿವೃದ್ಧಿ ಎಂಬ ಭಾವನೆ ಸರಿಯಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಸಂಭವಿಸಿದ ಭೂಕುಸಿತವು ಈ ಗುಡ್ಡಗಳ ಮಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸಿತು. ಒಳರಸ್ತೆಗಳಿಗೆ ಬೇಕಾಗಿರುವುದು ಮಳೆಗಾಲಕ್ಕೆ ಮುನ್ನ ಗಟಾರ ಮತ್ತು ಮೋರಿಗಳ ಸ್ವಚ್ಛತೆ, ಮಳೆ ನಿಂತೊಡನೆ ಹೊಂಡ ಮುಚ್ಚುವ ಕೆಲಸ, ಮಣ್ಣು ಮತ್ತು ಕಲ್ಲು ಸಾಗಿಸುವ ಟಿಪ್ಪರುಗಳಿಗೆ ಹೊತ್ತು ಮತ್ತು ಮಾರ್ಗದ ನಿರ್ಬಂಧ. ಇವುಗಳಿಗೆ ತಗಲುವ ವೆಚ್ಚ ಅಗಲೀಕರಣದ ವೆಚ್ಚದ ಒಂದು ಅಂಶ ಮಾತ್ರ. ತೋಟಕ್ಕೆ ಹೋಗುವ ರೈತನಿಗೂ ಶಾಲೆಗೆ ಹೋಗುವ ಮಗುವಿಗೂ ಇದರಿಂದ ಅನುಕೂಲವೇ.

ಆಗಬೇಕಾದ ಕಾರ್ಯ

ಸರ್ಕಾರದ ದೊಡ್ಡ ಯೋಜನೆಗಾಗಿ ಕಾಯುವ ಅಗತ್ಯವಿಲ್ಲ. ಮೂರು ತಾಲ್ಲೂಕುಗಳ ವರ್ತಕ ಸಂಘಗಳು, ಸಹಕಾರಿ ಸಂಸ್ಥೆಗಳು ಹಾಗೂ ಗ್ರಾಮ ಪಂಚಾಯಿತಿಗಳು ಒಂದು ಜಂಟಿ ಸಮಿತಿಯನ್ನು ರಚಿಸಿಕೊಂಡು ಒಂದೇ ಮಾರ್ಗವನ್ನು, ಒಂದೇ ಹಂಗಾಮಿಗೆ ಪ್ರಯೋಗಾರ್ಥವಾಗಿ ಕೈಗೆತ್ತಿಕೊಳ್ಳಬಹುದು. ಮಾರ್ಗವನ್ನು ಸವಾರಿ ಮಾಡಿಯೇ ಪರೀಕ್ಷಿಸಬೇಕು. ಕನ್ನಡ ಮತ್ತು ಇಂಗ್ಲಿಷ್ ಫಲಕಗಳನ್ನು ನೆಡಬೇಕು. ತಂಗುವ ಮನೆಗಳಿಗೆ ಕನಿಷ್ಠ ಸೌಲಭ್ಯಗಳ ಪಟ್ಟಿಯೊಂದನ್ನು ಗೊತ್ತುಪಡಿಸಿ, ಅದನ್ನು ಪೂರೈಸಿದವರಿಗೆ ಸಮಿತಿಯ ಮುದ್ರೆ ನೀಡಬೇಕು. ದರಪಟ್ಟಿ ಬಹಿರಂಗವಾಗಿರಬೇಕು; ಹೊರಗಿನವರಿಗೊಂದು ದರ, ಊರಿನವರಿಗೊಂದು ದರ ಎಂಬ ಪದ್ಧತಿ ಸಲ್ಲದು. ಕಸ ವಿಲೇವಾರಿಯ ಹೊಣೆಯನ್ನು ಮೊದಲೇ ಹಂಚಿಕೊಳ್ಳಬೇಕು. ಹಂಗಾಮು ಮುಗಿದ ಮೇಲೆ ಬಂದವರೆಷ್ಟು, ಖರ್ಚಾದುದೆಷ್ಟು, ದೂರುಗಳೇನು ಎಂಬ ಲೆಕ್ಕವನ್ನು ಪ್ರಕಟಿಸಬೇಕು. ಲಾಭವಿಲ್ಲವೆಂದು ಕಂಡರೆ ನಿಲ್ಲಿಸಿದರೂ ಆಗುವ ನಷ್ಟ ಅತ್ಯಲ್ಪ; ಫಲಕ ಮತ್ತು ರಸ್ತೆ ದುರಸ್ತಿ ಊರಿಗೇ ಉಳಿಯುತ್ತವೆ.

ಶತಮಾನದ ಹಿಂದೆ ಬಿಡಿಬಿಡಿಯಾಗಿ ಅಡಿಕೆ ಮಾರುತ್ತಿದ್ದ ತೋಟಿಗರು ಒಂದುಗೂಡಿ ಸಹಕಾರಿ ಮಾರಾಟವನ್ನು ಕಟ್ಟಿದ ನೆಲವಿದು. ಸೈಕಲ್ ಮಾರ್ಗವೂ ಒಬ್ಬ ವರ್ತಕ ಒಂಟಿಯಾಗಿ ನಡೆಸಬಹುದಾದ ಉದ್ಯಮವಲ್ಲ. ಒಂದೂರಿನ ಅಂಗಡಿ ಮುಚ್ಚಿದ್ದರೆ ಮುಂದಿನ ಊರಿನ ಗಿರಾಕಿಯೂ ತಪ್ಪುತ್ತಾನೆ. ಮುಂಬರುವ ಹಂಗಾಮಿನೊಳಗೆ ಸಮಿತಿಯ ಮೊದಲ ಸಭೆ ಸೇರುವುದಾದರೆ, ಈ ಮೂರು ತಾಲ್ಲೂಕುಗಳ ಸಣ್ಣ ರಸ್ತೆಗಳು ಸಣ್ಣ ವ್ಯಾಪಾರಗಳಿಗೆ ಆಸರೆಯಾಗುವ ಕಾಲ ದೂರವಿರಲಾರದು.