ಬೆಳಗಿನ ತಿಂಡಿಗೆ ರಾತ್ರಿಯೇ ತಯಾರಿ



ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಅಡುಗೆಮನೆ ಹೇಗಿರುತ್ತದೆಂದು ಬೇರೆ ಹೇಳಬೇಕೆ? ಒಂದು ಒಲೆಯ ಮೇಲೆ ಉಪ್ಪಿಟ್ಟು, ಇನ್ನೊಂದರ ಮೇಲೆ ಹಾಲು, ಬಾಗಿಲಲ್ಲಿ ಶಾಲೆಯ ಆಟೋ! ಮಕ್ಕಳ ಡಬ್ಬಿ ತುಂಬಿತು, ಯಜಮಾನರ ತಿಂಡಿ ಆಯಿತು, ಅತ್ತೆಯವರ ಮಾತ್ರೆಯೂ ಆಯಿತು. ನಿಮ್ಮ ತಿಂಡಿ? "ನಂದೇನು, ಆಮೇಲೆ ತಿಂದರಾಯ್ತು" ಎಂದು ಒಂದು ಲೋಟ ಕಾಫಿ ಕುಡಿದು ಪಾತ್ರೆ ತೊಳೆಯಲು ನಿಲ್ಲುತ್ತೀರಿ. ಆ 'ಆಮೇಲೆ' ಬರುವುದು ಹನ್ನೊಂದು ಗಂಟೆಗೆ, ತಳದಲ್ಲಿ ಉಳಿದ ಉಪ್ಪಿಟ್ಟಿನ ಜೊತೆಗೆ.

ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸುಸ್ತು, ತಲೆಸುತ್ತು ಬಂದರೆ 'ಕೆಲಸ ಜಾಸ್ತಿ' ಎಂದು ಸುಮ್ಮನಾಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ತಿಂಡಿಯ ಜೊತೆಗೇ ಕಾಫಿ, ಟೀ ಕುಡಿದರೆ ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ. ತಿಂಡಿಗೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ.

55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಎ, ಡಿ, ಬಿ12 ಜೀವಸತ್ವಗಳೂ ಇವೆ. ಇವು ಹೆಚ್ಚಾಗಿ ಹಳದಿ ಭಾಗದಲ್ಲೇ ಇರುವುದರಿಂದ ಅದನ್ನು ಎಸೆಯಬೇಡಿ. ಮೊಟ್ಟೆಯಲ್ಲಿ ನಾರು ಇಲ್ಲ, ಸಿ ಜೀವಸತ್ವವೂ ಇಲ್ಲ. ಆ ಕೊರತೆಯನ್ನು ಸೊಪ್ಪು, ನಿಂಬೆಹಣ್ಣು, ಸೀಬೆಹಣ್ಣು ತುಂಬುತ್ತವೆ.

ಮೊಟ್ಟೆ-ಸೊಪ್ಪಿನ ಇಡ್ಲಿ

ಬೇಕಾಗುವ ಸಾಮಾನು: ಮೊಟ್ಟೆ 4, ಸಣ್ಣ ಈರುಳ್ಳಿ 1, ಹೆಚ್ಚಿದ ನುಗ್ಗೆಸೊಪ್ಪು ಅಥವಾ ಪಾಲಕ್ 1 ಹಿಡಿ, ಕ್ಯಾರೆಟ್ ತುರಿ 2 ಚಮಚ, ಹಸಿಮೆಣಸಿನಕಾಯಿ 1, ಕಾಳುಮೆಣಸಿನ ಪುಡಿ ಕಾಲು ಚಮಚ, ಚಿಟಿಕೆ ಅರಿಶಿನ, ರುಚಿಗೆ ಉಪ್ಪು, ಎಣ್ಣೆ 2 ಚಮಚ.

ಮಾಡುವ ವಿಧಾನ: ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ. ಸೊಪ್ಪು, ಕ್ಯಾರೆಟ್ ಹಾಕಿ ನೀರು ಆರುವ ತನಕ ಹುರಿದು ತಣಿಸಿರಿ. ಮೊಟ್ಟೆ ಒಡೆದು, ಉಪ್ಪು, ಅರಿಶಿನ, ಮೆಣಸಿನ ಪುಡಿ ಸೇರಿಸಿ ಕದಡಿ, ಸೊಪ್ಪಿನ ಮಿಶ್ರಣ ಬೆರೆಸಿ. ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಗುಣಿ ಮುಕ್ಕಾಲು ತುಂಬುವಷ್ಟು ಹುಯ್ಯಿರಿ, ಬೆಂದಾಗ ಉಬ್ಬುತ್ತದೆ. ಇಡ್ಲಿ ಪಾತ್ರೆಯಲ್ಲಿ 8-10 ನಿಮಿಷ ಹಬೆಯಲ್ಲಿ ಬೇಯಿಸಿ. ಚುಚ್ಚಿ ನೋಡಿದ ಚಾಕುವಿಗೆ ಹಸಿ ಅಂಟಬಾರದು. ಆರಿದೊಡನೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕಾವಲಿಗೆ ಎಣ್ಣೆ ಸವರಿ, ಮುಚ್ಚಿ, ಒಳಗೆಲ್ಲ ಚೆನ್ನಾಗಿ ಬಿಸಿಯಾಗುವಂತೆ ಎರಡೂ ಬದಿ ಕಾಯಿಸಿ. ರಾಗಿ ರೊಟ್ಟಿ ಅಥವಾ ಚಪಾತಿಯ ಜೊತೆ ಬಡಿಸಿ, ಮೇಲೆ ನಿಂಬೆರಸ ಹಿಂಡಿರಿ.

ನೆನಪಿಡಿ: ನೀರಿನಲ್ಲಿ ತೇಲುವ ಮೊಟ್ಟೆ ಹಳೆಯದು, ಬೇಡ. ಬೆಂದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಆದ್ದರಿಂದ ಇದು ಮಕ್ಕಳ ಡಬ್ಬಿಗಲ್ಲ, ಮನೆಯಲ್ಲೇ ತಿಂದು ಹೊರಡಲಿ. ಫ್ರಿಜ್ಜಿಲ್ಲವೆಂದು ಬೇಸರ ಬೇಡ. ರಾತ್ರಿ ಸೊಪ್ಪು ಸೋಸಿ, ಈರುಳ್ಳಿಯ ಸಿಪ್ಪೆ ತೆಗೆದು, ತಟ್ಟೆ ತೊಳೆದಿಟ್ಟರೆ ಬೆಳಿಗ್ಗೆ ಅರ್ಧ ಗಂಟೆಯ ಕೆಲಸ ಅಷ್ಟೆ.

ಮೊಟ್ಟೆ ಒಲ್ಲದ ಮನೆಗಳಲ್ಲಿ ನಮ್ಮ ನುಚ್ಚಿನುಂಡೆ ಇದೆಯಲ್ಲ! ಬೇಳೆ ನೆನೆಸಿ ತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಸೇರಿಸಿ ಇದೇ ರೀತಿ ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಡಬಹುದು.

ಕೊನೆಗೊಂದು ಮಾತು. ತಟ್ಟೆಗೆ ಹುಯ್ಯುವಾಗ ಮನೆಮಂದಿಯನ್ನೆಲ್ಲ ಎಣಿಸುತ್ತೀರಲ್ಲ, ಆ ಲೆಕ್ಕದಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಿ. "ಉಳಿದರೆ ತಿಂತೀನಿ" ಎನ್ನಬೇಡಿ. ಮಕ್ಕಳ ಪಕ್ಕದಲ್ಲೇ ನಿಮ್ಮದೂ ಒಂದು ತಟ್ಟೆ ಹಾಕಿಕೊಂಡು ಹತ್ತು ನಿಮಿಷ ಕೂತು ತಿನ್ನಿರಿ. ಪಾತ್ರೆಗಳೇನು, ಎಲ್ಲಿಗೂ ಓಡಿಹೋಗುವುದಿಲ್ಲ!